ಶೀಶೆಯ ಮೇಲಿನ ತೊಟ್ಟಿಲು

ತೇಲೂರು
ಮೂರನೆಯ ಮುಳುಗಡೆಯಾದ ಮೇಲಿನ ನೂರಾ ಹನ್ನೊಂದನೆಯ ಶ್ರಾವಣ, ನಾಗಪ್ಪನಿಗೆ ಹಾಲೆರೆದ ಮರುದಿನ

ನೀಲಗಂಗಾ,

ಸಂಬಂಧದಲ್ಲಿ ನೀನು ನನ್ನ ಮುತ್ತಜ್ಜಿಯ ಅಜ್ಜಿ. ಹಿಂದಿನ ಕಾಲಕ್ಕೆ ಹರಿದು ಈ ಕಾಗದ ನಿನಗೆ ಮುಟ್ಟುವಾಗ ನೀನಿನ್ನೂ ಹರೆಯದವಳು, ನನಗೆ ಎಂಬತ್ತು ದಾಟಿದೆ. ನೀವು ಎನ್ನಲೋ ನೀನು ಎನ್ನಲೋ ತಿಳಿಯದೆ ನೀನು ಎಂದೇ ಬರೆಯುತ್ತೇನೆ. ಬೈಯುವಾಗ ಬಹುವಚನ ನನ್ನ ಬಾಯಿಗೆ ಒಗ್ಗುವುದಿಲ್ಲ. ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ನಮ್ಮ ಕಾಲದ ಮಾತು ವಿಚಿತ್ರವೆನಿಸಿದರೆ ಸಹಿಸಿಕೋ. ನೀನು ಮಾಡಿಟ್ಟುಹೋದದ್ದನ್ನು ನಾವು ಸಹಿಸುತ್ತಿಲ್ಲವೇ?

ತೇಲೂರು ಎಂದರೆ ಡ್ಯಾಮಿನ ಹಿನ್ನೀರಿನ ಮೇಲೆ ಡ್ರಮ್ಮು ಕಟ್ಟಿ ತೇಲಬಿಟ್ಟ ಊರು. ಅಂಚಿನ ಕೆಸರಿನಲ್ಲಿ ಬಜೆ ಬಿಟ್ಟರೆ ಬೇರೇನೂ ಬೆಳೆಯುವುದಿಲ್ಲ. ವರ್ಷಕ್ಕೊಮ್ಮೆ ದೋಣಿಯಲ್ಲಿ ಬರುವ ಜೋಳವನ್ನು ನುಸಿಯಿಂದ ಕಾಯುವುದು ನೀನು ಮೊದಲು ಭಟ್ಟಿ ಇಳಿಸಿ ಮಾರಿದ ಬಜೆ ಎಣ್ಣೆಯೇ. ಇಂದಿಗೂ ಅದನ್ನು ಹಾಗೆಯೇ ಇಳಿಸಿ, ನಿನ್ನದೇ ಅಚ್ಚಿನ ಶೀಶೆಗೆ ತುಂಬುತ್ತೇವೆ. ಹತ್ತಿಯುಂಡೆಗೆ ನಾಲ್ಕು ಹನಿ ಹಾಕಿ ಕಣಜದಲ್ಲಿಟ್ಟರೆ ಆಯಿತು. ನುಸಿ ತಿನ್ನುತ್ತದೆ, ಓಡಾಡುತ್ತದೆ, ಆದರೆ ಬಂಜೆಯಾಗುತ್ತದೆ. ಮೂಗುಗನ್ನಡಿ ಎಂಬುದೊಂದು ನಮ್ಮಲ್ಲಿದೆ. ಅದರ ಮೇಲೆ ಒಂದು ಹನಿ ಬಿಟ್ಟರೆ ಎಣ್ಣೆಯೊಳಗಿನದೆಲ್ಲ ಬಣ್ಣದ ಪಟ್ಟಿಗಳಾಗಿ ಬಿಡಿಸಿಕೊಳ್ಳುತ್ತದೆ. ಘಮದ್ದು, ಖಾರದ್ದು ದಾರದಂಥ ಗೆರೆಗಳು. ಉಳಿದ ಕನ್ನಡಿಯನ್ನೆಲ್ಲ ಒಂದೇ ಕೆಂಪು ಪಟ್ಟಿ ನುಂಗಿಕೊಂಡಿರುತ್ತದೆ. ಅದರ ಹೆಸರು ಬೀಟಾ ಅಸರೋನ್. ನುಸಿಯ ಸಂತಾನ ಅಳಿಸುವುದು ಅದೇ, ಮನುಷ್ಯರ ಹೊಟ್ಟೆಗಿಳಿದರೆ ಲಿವರ್ ಕೆಡಿಸಿ ತಲೆಗೇರುವುದೂ ಅದೇ.

ಇದು ನಿನಗೆ ಗೊತ್ತಿಲ್ಲದ್ದಲ್ಲ. ಹೊಟ್ಟೆಗೆ ಕೊಡಬಾರದು ಎಂದು ಶೀಶೆಯ ಹಿಂದೆ ಸಣ್ಣಕ್ಷರದಲ್ಲಿ ಹಾಕಿಸಿದ್ದೀಯಲ್ಲ! ಮುಂದೆ ಮಾತ್ರ ತೊಟ್ಟಿಲಿನ ಚಿತ್ರ. ಬಜೆ ಎಂದೊಡನೆ ಬಾಣಂತಿಯ ಕೋಣೆ, ಕೂಸಿನ ಕೈಯ ಬಜೆ ಬಳೆ, ನಾಲಿಗೆಗೆ ಹಚ್ಚುವ ತೇಯ್ದ ಬೇರು ನೆನಪಾಗಿ ಜನ ನಂಬುತ್ತಾರೆಂದು ಲೆಕ್ಕ ಹಾಕಿದೆ. ನಂಬಿದರು. ಅಕ್ಷರ ಮುಳುಗಿತು, ಚಿತ್ರ ತೇಲಿತು. ಈಗ ಇಲ್ಲಿ ಓದುವವರು ನನ್ನಂಥ ನಾಲ್ಕೈದು ಮುದುಕಿಯರು. ಉಳಿದವರಿಗೆ ಚಿತ್ರವೇ ವೇದ.

ನನ್ನ ಮೊಮ್ಮಗನ ಹೆಂಡತಿ ಸಾವಂತ್ರಿಯ ಕೂಸಿಗೆ ವರ್ಷ ತುಂಬಿದರೂ ಮಾತು ಬರಲಿಲ್ಲ. ಪಕ್ಕದ ತೆಪ್ಪದ ಫಕೀರವ್ವ, "ನಿನ್ನ ಮಗಳು ಮೀನೇನ? ಬರೇ ಬಾಯಿ ತೆರೀತೈತಿ," ಎಂದು ಹಂಗಿಸಿದಳು. ಮಾತು ಬರಲೆಂದು ಸಾಣೆಕಲ್ಲಿಗೆ ಬಜೆ ಬೇರು ತೇಯ್ದು ನೆಕ್ಕಿಸಿ ಬೇಸತ್ತಿದ್ದ ಸಾವಂತ್ರಿ ಕಣಜದ ಶೀಶೆಯಿಂದ ಚಮಚ ತುಂಬಿ ಕುಡಿಸಿಬಿಟ್ಟಳು. ನಾನು ಬರುವಷ್ಟರಲ್ಲಿ ಕೂಸಿನ ಬಾಯಿ ಒರೆಸುತ್ತಿದ್ದಳು. "ಬೇರಿಗಿಂತ ಎಣ್ಣಿ ಜೋರ ಅಲ್ಲೇನ ಆಯಿ? ಲಗೂನ ಮಾತ ಬರತಾವು," ಎಂದಳು. ತೇಯ್ದದ್ದೂ ಅಮೃತವಲ್ಲ, ಆದರೆ ಅದರಲ್ಲಿ ಇರುವುದು ಬೇರಿನ ನೆರಳಷ್ಟೇ. ಆ ಚಮಚದಲ್ಲಿ ಬುಟ್ಟಿಗಟ್ಟಲೆ ಬೇರಿತ್ತು.

ವಾಂತಿ ನಿಲ್ಲಲಿಲ್ಲ. ಆಮೇಲೆ ಸೆಳವು ಬಂದು ಕೂಸು ಬಿಲ್ಲಿನಂತೆ ಬಾಗಿತು. ಸಾಯಲಿಲ್ಲ. ಈಗ ಕುಣಿದಾಡುವ ವಯಸ್ಸು; ಕೂರಿಸಿದಲ್ಲಿ ಕೂತಿರುತ್ತದೆ, ಅತ್ತರೂ ಸದ್ದಿಲ್ಲ.

"ಯಾಕ ಮಾತಾಡವಲ್ದು, ಆಯಿ?" ಎಂದು ಸಾವಂತ್ರಿ ಕೇಳಿದಳು.

"ತೊಟ್ಲಾ ನೋಡಿ ಕುಡಿಸಿದಿ. ಇನ್ನ ತೊಟ್ಲಾ ನೋಡಕೋತ ಕೂಡು," ಎಂದೆ.

ಅಂದಿನಿಂದ ಅವಳು ನನ್ನ ಮುಂದೆ ರೊಟ್ಟಿ ಇಡುತ್ತಾಳೆ, ಮುಖ ಎತ್ತುವುದಿಲ್ಲ. ಮರುಗುವುದು ನನಗೆ ಬರುವುದಿಲ್ಲ. ಬಂದಿದ್ದರೂ ಕೂಸಿಗೆ ಅದರಿಂದ ಏನಾಗಬೇಕು?

ಹಿಂಗಾಲುವೆ, ಎಂದರೆ ಕಾಲದಲ್ಲಿ ಹಿಂದಕ್ಕೆ ಹರಿಯುವ ಕಾಲುವೆ, ಒಂದು ಮನೆಯಿಂದ ಒಂದೇ ಕಾಗದ ಒಯ್ಯುತ್ತದೆ. ಮನೆಯವರು ಬೀಜ ಕೇಳು ಎಂದರು, ನೆಲ ಕೇಳು ಎಂದರು. ನಾನು ಕೇಳುವುದು ಬೇರೆ. ಇದು ನಿನಗೆ ಮುಟ್ಟುವಾಗ ಶೀಶೆಯ ಮೇಲೆ ತೊಟ್ಟಿಲು ಇನ್ನೂ ಬಿದ್ದಿರುವುದಿಲ್ಲ. ಯಾವ ಚಿತ್ರ ಬರೆಯಲಿ ಎಂದು ಚಿತ್ರಗಾರ ಕೇಳಲು ಬಂದಾಗ ನುಸಿ ಎನ್ನು. ಕರಿ ನುಸಿ, ಕಾಲು ಮೇಲಾಗಿ ಬಿದ್ದದ್ದು, ನೋಡಿದವರಿಗೆ ಹೇಸಿಗೆಯಾಗಬೇಕು. ಕೊಳ್ಳುವವರು ಕಡಿಮೆಯಾದರೆ ಆಗಲಿ.

ಕೂಸಿಗೆ ಇಟ್ಟಿರುವುದು ನಿನ್ನದೇ ಹೆಸರು. ನೀಲಗಂಗಾ ಎಂದು ಎಷ್ಟು ಕೂಗಿದರೂ ಈ ಮನೆಯಲ್ಲಿ ಯಾರೂ ಓಗೊಡುವುದಿಲ್ಲ. ಈಗ ಕೂಗುತ್ತಿದ್ದೇನೆ. ನೀನಾದರೂ ಓಗೊಡು.

ದ್ಯಾಮವ್ವ