ಮೈನಸ್ ನಲವತ್ತು

ಮನೆಯ ಹಿಂದಿನ ಕೋಣೆ,
ತಾರೀಖು ಹದಿನಾಲ್ಕು, ಭಾನುವಾರ

ಪ್ರೀತಿಯ ಪುಟ್ಟಿಗೆ,

ಹೇಗಿದ್ದೀಯ? ಕೆಮ್ಮು ಬಿಟ್ಟಿತೇ? ಫೋನಿನಲ್ಲಿ "ಚೆನ್ನಾಗಿದೀನಪ್ಪಾ" ಅಂದರೂ ನಡುವೆ ಎರಡು ಸಲ ಕೆಮ್ಮಿದ್ದು ಕೇಳಿಸಿತು. ಗಡಿಯಾರ ರಿಪೇರಿ ಮಾಡೀ ಮಾಡೀ ಕಣ್ಣು ಮಂಜಾಗಿರಬಹುದು, ಕಿವಿ ಇನ್ನೂ ನೆಟ್ಟಗಿದೆ. ನನ್ನ ಮಂಡಿನೋವು ಎಲ್ಲೂ ಹೋಗಿಲ್ಲ, ಅದರ ಮಾತು ಬಿಡು.

ನಿನ್ನೆ ನಮ್ಮ ಕ್ಷೌರಿಕ ಗೆಳೆಯ ಆಟದ ವಿಮಾನ ಹಾರಿಸುವ ಹೊಸ ರಿಮೋಟ್ ಹಿಡಿದುಕೊಂಡು ಬಂದ. ಅಮ್ಮ ಕಟ್ಟಿದ ವಿಮಾನಕ್ಕೆಂದು ನಾವು ಕೊಂಡಿದ್ದ ಮಾದರಿಯೇ. "ಸ್ಟಿಕ್ ಮುಟ್ಟಿದ್ರೆ ಸಾಕು ಎಗರಾಡತ್ತೆ, ಸ್ವಲ್ಪ ಮೆತ್ತಗೆ ಮಾಡ್ಕೊಡಿ" ಅಂದ. ರಿಮೋಟಿನ ಪರದೆಯ ಮೇಲೆ ಸ್ಟಿಕ್ಕಿನ ಚುರುಕು ತೋರಿಸುವ ಗೆರೆ ಬರುತ್ತದಲ್ಲ, ಅದನ್ನು ನಡುವೆ ಬಾಗಿಸಿ ಮಲಗಿಸಿದರೆ ಬೆರಳಿನ ಸಣ್ಣ ಅಲುಗಾಟವನ್ನೆಲ್ಲ ರಿಮೋಟೇ ನುಂಗಿಕೊಳ್ಳುತ್ತದೆ. ನಾನು ರೂಢಿಯಂತೆ ಮೈನಸ್ ನಲವತ್ತು ಒತ್ತಿದೆ. ಗೆರೆ ಮಲಗುವ ಬದಲು ಕಡಿದಾಗಿ ಎದ್ದು ನಿಂತಿತು. ಅದಕ್ಕೂ ಮುಂಚೆ ನಮ್ಮಲ್ಲಿದ್ದ ಹಳೆಯ ರಿಮೋಟಿನಲ್ಲಿ ಮೆತ್ತಗಾಗಲು ಮೈನಸ್, ಈ ಮಾದರಿಯಲ್ಲಿ ಪ್ಲಸ್. ಇದಕ್ಕೆ ಮೈನಸ್ ಹಾಕಿದರೆ ಇನ್ನಷ್ಟು ಚುರುಕಾಗುತ್ತದೆ. ಹೀಗೆ ಗೊತ್ತಾಯಿತು ನೋಡು.

ಪುಟ್ಟೀ, ಅವತ್ತು ನಿನ್ನ ಕೈಗೆ ಕೊಟ್ಟ ಇದೇ ಮಾದರಿಯ ರಿಮೋಟಿನಲ್ಲಿ ನಾನು ಹಾಕಿದ್ದೂ ಅದೇ ಮೈನಸ್ ನಲವತ್ತು. ಅಮ್ಮ ಆಸ್ಪತ್ರೆ ಸೇರುವ ಹಿಂದಿನ ದಿನದವರೆಗೂ ಇಸ್ತ್ರಿಪೆಟ್ಟಿಗೆ ಹಿಡಿದು, ವಿಮಾನದ ಆ ಹಳದಿ ರೆಕ್ಕೆಗೆ ಒಂದೂ ಸುಕ್ಕಿಲ್ಲದಂತೆ ಬಿಸಿಗೆ ಅಂಟಿಕೊಳ್ಳುವ ಹಾಳೆ ಹೊದಿಸಿದ್ದಳು. "ಮೊದಲನೇ ಸಲ ಪುಟ್ಟೀನೇ ಹಾರಿಸ್ಲಿ" ಅಂತ ಅವಳದೇ ಅಪ್ಪಣೆ. ಅವಳು ತೀರಿಕೊಂಡ ಒಂದು ತಿಂಗಳಿಗೆ ನೀನು ಹಾರಿಸಿದೆ. ಅದು ಮೇಲೇರಿ ಎರಡು ಸಲ ಮುಗ್ಗರಿಸಿ, ಮೂಗು ಮುಂದಾಗಿ ನೆಲಕ್ಕೆ ಬಡಿಯಿತು. ಬಯಲಿನಲ್ಲಿ ಅಷ್ಟು ಜನರ ಮುಂದೆ ನಾನು "ನಿಮ್ಮಮ್ಮನ ಕೊನೇ ಕೆಲಸಾನೂ ಹಾಳ್ಮಾಡಿದ್ಯಲ್ಲೇ, ನಿನ್ ಕೈಗೆ ಸಿಕ್ಕಿದ್ದು ಯಾವ್ದೂ ಉಳಿಯಲ್ಲ" ಅಂದುಬಿಟ್ಟೆ. "ಮೆಲ್ಲಗೇ ಹಿಡ್ಕೊಂಡಿದ್ದೆ ಅಪ್ಪಾ" ಅಂತ ನೀನು ಎಷ್ಟು ಹೇಳಿದರೂ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಆ ವಾರವೇ ನೀನು ಬಟ್ಟೆಬರೆ ಕಟ್ಟಿಕೊಂಡು ಚಿಕ್ಕಮ್ಮನ ಮನೆ ಸೇರಿದೆ. ಮೂರು ವರ್ಷದಿಂದ ನಮ್ಮ ಮಾತೆಲ್ಲ ಊಟ, ಮಾತ್ರೆ, ಅಷ್ಟಕ್ಕೇ ಮುಗಿಯುತ್ತಿದೆ. ಸೂಜಿ ಚುಚ್ಚುವಾಗ ಕೈ ನಡುಗುತ್ತದೆಂದು ನರ್ಸಿಂಗ್ ಓದು ಬಿಟ್ಟು ಆಫೀಸೊಂದರಲ್ಲಿ ಫೈಲು ಜೋಡಿಸುತ್ತಿದ್ದೀಯಂತೆ, ಚಿಕ್ಕಮ್ಮ ಹೇಳಿದಳು. ನಿನ್ನ ಕೈಗೆ ಏನೂ ಆಗಿಲ್ಲ, ಮಗಳೇ. ತಪ್ಪು ನನ್ನದು. ಓದು ಮತ್ತೆ ಶುರು ಮಾಡು.

ಹೊತ್ತಿಗೆ ಸರಿಯಾಗಿ ತಿನ್ನು, ಸ್ವೆಟರ್ ಹಾಕಿಕೋ. ಚಿಕ್ಕಮ್ಮನಿಗೆ ನಾನು ಕೇಳಿದೆನೆಂದು ಹೇಳು. ನೀನು ನೂರು ಕಾಲ ಚೆನ್ನಾಗಿರಬೇಕು.

ನಿನ್ನ
ಅಪ್ಪ

ತಾ. ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಒಡೆದೆ. ನಿನ್ನೆ ಗೊತ್ತಾಯಿತು ಅಂತ ಬರೆದದ್ದು ಸುಳ್ಳು. ಕ್ಷೌರಿಕ ಬಂದದ್ದು ನಿಜ, ಆದರೆ ಅವನಿಗೆ ನಾನು ಮೊದಲೇ ಪ್ಲಸ್ ಹಾಕಿಕೊಟ್ಟೆ. ವಿಮಾನ ಬಿದ್ದ ದಿನವೇ ಸಂಜೆ, ನೀನು ಕೋಣೆಯ ಬಾಗಿಲು ಹಾಕಿಕೊಂಡು ಅಳುತ್ತಿದ್ದಾಗಲೇ, ರಿಮೋಟ್ ತೆರೆದು ಕಡಿದಾಗಿ ನಿಂತ ಗೆರೆ ನೋಡಿದ್ದೆ. ಹೇಳಿಬಿಡೋಣ ಅಂತ ನಿನ್ನ ಬಾಗಿಲವರೆಗೂ ಬಂದೆ, ಪುಟ್ಟೀ. ಬಂದು, ನಿನಗೆ ಸದ್ದು ಕೇಳಿಸದ ಹಾಗೆ ಹಿಂದಿರುಗಿದೆ.