ಕೆಂಪು ಪಟ್ಟಿಯ ಪೆಟ್ಟಿಗೆ

ಡಿಲನ್, ಮೊಂಟಾನಾ
ಶುಕ್ರವಾರ ಬೆಳಿಗ್ಗೆ

ಅಪ್ಪಾ,

ನನ್ನ ದನಿ ಕೇಳಿದ ಕೂಡಲೇ ಫೋನ್ ಕುಕ್ಕುತ್ತೀಯ. ಅದಕ್ಕೇ ಪಕ್ಕದ ಮನೆಯ ಐರೀನ್ ಕೈಯಲ್ಲಿ ಈ ಕಾಗದ. ಬೈಯುವುದಿದ್ದರೆ ಓದಿಯಾದ ಮೇಲೆ ಬೈ.

ನಿನ್ನ ಹುಟ್ಟುಹಬ್ಬಕ್ಕೆ ತಮ್ಮ ರಾಯ್ಸ್ ಕೆಂಪು ಪಟ್ಟಿಯ ಪೆಟ್ಟಿಗೆಯಲ್ಲಿ ಕೊಟ್ಟ ಇಪ್ಪತ್ತು ತೋಟಾಗಳಿಗೆ ಮನೆಯಲ್ಲೇ ಮದ್ದು ತುಂಬಿದ್ದು ಅವನಲ್ಲ, ನಾನು. ನನ್ನ ಹೆಸರೆತ್ತಿದರೆ ನೀನು ಮುಟ್ಟುವುದಿಲ್ಲವೆಂದು, ತಾನೇ ತುಂಬಿದ್ದಾಗಿ ಸುಳ್ಳು ಹೇಳಿದ.

ನಿನ್ನೆ ಅವನು ಗುರಿ ಪರೀಕ್ಷಿಸಲು ನಿನ್ನವುಗಳ ಜೊತೆಗೇ ತುಂಬಿದ ಇನ್ನೊಂದು ತೋಟಾ ಹಾರಿಸಿದ. ಕೋವಿ ಕೆನ್ನೆಯ ಪಕ್ಕದಲ್ಲೇ ಸಿಡಿಯಿತು. ಬಲಗಣ್ಣು ಹೋಯಿತು. ತುಂಡಾಗಿ ಬಿದ್ದ ಹೆಬ್ಬೆರಳನ್ನು ಹುಲ್ಲಿನಲ್ಲಿ ಹುಡುಕಿ, ಟೋಪಿಯಲ್ಲಿ ಹಾಕಿಕೊಂಡು ಅವನನ್ನು ಗಾಡಿಯಲ್ಲಿ ಆಸ್ಪತ್ರೆಗೆ ಒಯ್ದೆ. ಬಾಯಿ ತುಂಬ ರಕ್ತವಿಟ್ಟುಕೊಂಡು ದಾರಿಯುದ್ದಕ್ಕೂ ಅವನದು ಒಂದೇ ಮಾತು: "ಅಪ್ಪನ ಪೆಟ್ಟಿಗೆ ಕಣೋ, ಅಪ್ಪನ ಪೆಟ್ಟಿಗೆ!" ಜೀವಕ್ಕೆ ಅಪಾಯವಿಲ್ಲ.

ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬ ಇರಬೇಕೆಂದು ನೀನೇ ಕಲಿಸಿದ್ದೆ. ಆವತ್ತು ನಾನು ಎರಡಿಟ್ಟಿದ್ದೆ. ಕೋವಿಯನ್ನೇ ಸಿಡಿಸುವಷ್ಟು ಬೇಗ ಉರಿಯುವ ಪಿಸ್ತೂಲಿನ ಮದ್ದು ಉಳಿದದ್ದನ್ನು ತಪ್ಪಿ ಕೋವಿಯ ಡಬ್ಬಕ್ಕೆ ಸುರಿದು, ಅದರಿಂದಲೇ ತೋಟಾ ತುಂಬಿಬಿಟ್ಟೆ.

ರಾಯ್ಸ್‌ನ ಹೆಂಡತಿ ಕಾರ್ಲಾ ನನ್ನ ಕಪಾಳಕ್ಕೆ ಬಾರಿಸಿ ಕೇಳಿದಳು: "ಅಂಗಡೀಲಿ ಸಿಗೋ ತೋಟಾಗೆ ಭಾನುವಾರವೆಲ್ಲ ಮೇಜಿಗೆ ಅಂಟ್ಕೊಂಡು ಕೂತ್ಯಲ್ಲ, ಏನ್ ಉಳಿಸ್ದೆ?"

ಅರ್ಧ ಬೆಲೆ ಉಳಿಯುತ್ತದೆ ಎಂದು ಊರಿಗೆಲ್ಲ ಹೇಳುತ್ತಿದ್ದೆ. ಆವತ್ತು ಉಳಿಸಿದ್ದು, ಡಬ್ಬವನ್ನು ಕಪಾಟಿಗಿಡಲು ಬೇಕಿದ್ದ ನಾಲ್ಕು ಹೆಜ್ಜೆ.

ನಾಳೆ ಎಲ್ಕ್ ಜಿಂಕೆಯ ಬೇಟೆ ಶುರು. ಅಂಗಡಿಯ ತೋಟಾ ಕಳಿಸಿದ್ದೇನೆ. ಕೆಂಪು ಪಟ್ಟಿಯ ಪೆಟ್ಟಿಗೆಯನ್ನು ಐರೀನ್‌ಗೆ ಎಣಿಸಿ ಕೊಡು. ಇಪ್ಪತ್ತಕ್ಕೆ ಒಂದು ಕಡಿಮೆಯಾದರೂ, ಅದು ಕೋವಿಯೊಳಗೇ ಇರಬಹುದು; ಕೋವಿ ಮುಟ್ಟದೆ ನನ್ನನ್ನು ಕೂಗು. ನಿನ್ನ ಗೇಟಿನಾಚೆ ಗಾಡಿಯಲ್ಲೇ ಕೂತಿದ್ದೇನೆ.

ನೀನು ಒಪ್ಪದಿದ್ದರೂ ನಿನ್ನ ಮಗ,
ಡ್ವೈಟ್