ನೆತ್ತರು ಎಳೆಯೋ ಮಿಷಿನ್

ಹೊಸದುರ್ಗ
೯-೩-೧೯೭೬

ಅಕ್ಕ ಗಂಗಕ್ಕನಿಗೆ ತಂಗಿ ಯಲ್ಲಕ್ಕನ ನಮಸ್ಕಾರ.

ಕೂಸು ಹುಟ್ಟಿದ ಸುದ್ದಿ ಬಂದು ತಿಂಗಳಾತು, ನಾನು ಒಂದು ಕಾಗದ ಹಾಕಲಿಲ್ಲ. ಬೈಯಿ. ಆದ್ರೆ ಪೂರ್ತಿ ಓದಿ ಆಮೇಲೆ ಬೈಯಿ.

ಸಂಕ್ರಾಂತಿ ಕಳೆದ ಮೇಲೆ ನಮ್ಮ ಆಸ್ಪತ್ರೆಗೆ ಕರೆಂಟಿನ ಮಿಷಿನ್ ಒಂದು ಬಂತು. ಗಂಟಲಲ್ಲಿ ಕಟ್ಟಿದ ಕಫ, ನೆತ್ತರು ಎಲ್ಲ ಕೊಳವೇಲಿ ಎಳೆದು ಗಾಜಿನ ಬಾಟ್ಲಿಗೆ ತುಂಬತೈತೆ. ಮೊದಲು ನಾವು ಸಿಸ್ಟರುಗಳೇ ರಬ್ಬರ್ ಕೊಳವೆ ನಮ್ಮ ಬಾಯಿಗಿಟ್ಟು ಎಳೀತಿದ್ವಿ. ಆಗ ಮನೆಯವರೊಬ್ಬರು ಪೇಷಂಟಿನ ತಲೆ ತೊಡೆ ಮೇಲಿಟ್ಕಂಡು ಕುಂತಿರೋರು. ಮಿಷಿನ್ ಬಂದದ್ದೇ ತಡ, ಡಾಕ್ಟ್ರು ಎಲ್ಲಾರನ್ನೂ ಆಚೆ ಹಾಕಿದ್ರು.

ಹೋದ ತಿಂಗಳು ಕುರಿ ಕಾಯೋ ಮುದ್ದಣ್ಣನ್ನ ಗಾಡೀಲಿ ತಂದ್ರು. ಯಾರ ಹೊಲದಲ್ಲಿ ಮಂದೆ ನಿಲ್ಲಿಸಬೇಕು ಅಂತ ಜಗಳ ಹತ್ತಿ, ಕೊಡಲಿ ಏಟಿಗೆ ದವಡೆ ಸೀಳಿತ್ತು. ಉಸಿರೆಳೆದರೆ ನೆತ್ತರು ಗಂಟಲಿಗಿಳಿದು ಗೊರಗೊರ ಅಂತಿತ್ತು. ಮಿಷಿನ್ ಹಚ್ಚಿದೆ, ಉಸಿರು ಸಲೀಸಾತು.

ಅಷ್ಟರಲ್ಲಿ ಅವನ ಅಣ್ಣ ಕಾಟಪ್ಪ ಕಿಟಕೀಲಿ ಇಣುಕಿದ. ಬಾಟ್ಲಿ ತುಂಬ ನೆತ್ತರು. "ಲೇ, ಕುರಿ ಕೊಯ್ದಂಗೆ ನನ್ನ ತಮ್ಮನ ನೆತ್ತರು ಹಿಡೀತಾ ಅವ್ರೆ" ಅಂತ ಬಾಗಿಲು ಒದ್ದು ನುಗ್ಗಿದ. ಕುರಿ ಕೊಯ್ದಾಗ ನಮ್ಮೋರು ಬಟ್ಟಲೊಡ್ಡಿ ಹಿಡಿಯೋದು ನೀನೂ ನೋಡಿದೀಯಲ್ಲ, ಅವನಿಗೆ ಇನ್ನೇನು ತೋಚತೈತೆ. ಅಡ್ಡ ಬಂದ ಡಾಕ್ಟ್ರ ಹಣೆಗೆ ಅವನ ಕೋಲು ಬಿತ್ತು, ಅಲ್ಲೇ ಕುಸಿದ್ರು. ಎರಡನೇ ಏಟು ಬಾಟ್ಲಿಗೆ. ನಾನು ಕೈ ಅಡ್ಡ ಕೊಟ್ಟೆ. ಗಾಜು, ನೆತ್ತರು ಎಲ್ಲ ನನ್ನ ಮೈಮೇಲೆ. ಎಳೆಯೋದು ನಿಂತು ಮುದ್ದಣ್ಣನ ಮುಖ ನೀಲಿಗಟ್ಟಿತು.

ನಂಗೆ ಸಿಟ್ಟು ನೆತ್ತಿಗೇರಿತು ಅಕ್ಕ. ಎಡಗೈಲೇ ಕಾಟಪ್ಪನ ಕಪಾಳಕ್ಕೆ ಬಾರಿಸಿ, "ತಮ್ಮ ಬದುಕಬೇಕಾ? ಕುಂತ್ಕ, ತಲೆ ಹಿಡಿ" ಅಂದೆ. ಹಳೇ ರಬ್ಬರ್ ಕೊಳವೆ ಬಾಯಿಗಿಟ್ಟು ಎಳೆದೆ, ಉಗುಳಿದೆ, ಮತ್ತೆ ಎಳೆದೆ. ನನ್ನ ಬಾಯಿಂದ ತಮ್ಮನ ನೆತ್ತರು ಬೀಳೋದು ನೋಡಿ ಕಾಟಪ್ಪ ಕುಂತು ಅವನ ತಲೆ ತೊಡೆ ಮೇಲಿಟ್ಕಂಡ. "ತಾಯೀ, ಇದನ್ನ ಮೊದಲೇ ಹೇಳಬಾರದಾ" ಅಂದ. ಮಿಷಿನ್ ಹಚ್ಚೋದು ನಮಗೆ ಕಲಿಸಿದ್ರು. ಅದೇನು ಮಾಡತೈತೆ ಅಂತ ಬಾಗಿಲಲ್ಲಿ ನಿಂತೋರಿಗೆ ಹೇಳ್ರಿ ಅಂತ ಯಾರೂ ಕಲಿಸಲಿಲ್ಲ.

ಮುದ್ದಣ್ಣ ಬದುಕಿದ, ಗಂಜಿ ಕುಡೀತಾನೆ. ಹಣೆಗೆ ಹೊಲಿಗೆ ಬಿದ್ದ ಮೇಲೆ ಡಾಕ್ಟ್ರೂ ಮನೆಯವರೊಬ್ಬರನ್ನ ಒಳಗೆ ಬಿಡ್ರಿ ಅಂತಾರೆ.

ಭಾವನಿಗೆ ನಮಸ್ಕಾರ ಹೇಳು. ಕೂಸಿಗೆ ಚಳಿಗಾಳಿ ಸೋಕದಿರಲಿ, ನಿನ್ನ ಎದೆಹಾಲು ಬತ್ತದಿರಲಿ.

ನಿನ್ನ ತಂಗಿ,
ಯಲ್ಲಕ್ಕ

ಇನ್ನೊಂದು ಮಾತು: ಅಕ್ಷರ ಇಷ್ಟು ಚೆಂದ ಹೆಂಗಾತು ಅಂತ ಅಂದ್ಕಂಡಿರ್ತೀಯ. ನಂದಲ್ಲ, ಜೊತೆ ಸಿಸ್ಟರ್ ಚಿತ್ತಮ್ಮಂದು. ಗಾಜು ನನ್ನ ಬಲಗೈ ಬೆರಳ ನರ ಕೊಯ್ದೈತೆ. ಗಾಯ ಮಾಯ್ತು, ಮುಟ್ಟಿದ್ದು ತಿಳಿಯಲ್ಲ. ಪೇಷಂಟಿನ ಕೈ ಹಿಡಿದ್ರೆ ನಾಡಿ ಸಿಗಲ್ಲ. ಅದಕ್ಕೂ ಮಿಷಿನ್ ಬರತೈತೆ ಬಿಡು ಅಂತಾರೆ ಡಾಕ್ಟ್ರು. ಬರಲಿ. ಹೆಸರಿಡಾಕೆ ನಾನು ಬಂದಾಗ ಕೂಸನ್ನ ನನ್ನ ಎಡಗೈಗೆ ಕೊಡು ಅಕ್ಕ. ಆ ಕೈಗೆ ಇನ್ನೂ ಬೆಚ್ಚಗಿರೋದು ತಿಳೀತೈತೆ.